ಮೆಲ್ಲಗೆ ಮಾತಾಡುವ ಮನುಷ್ಯ

ನಮ್ಮ ವಯಸ್ಸಿನವರಿಗೆ ರಿಚರ್ಡ್ ಅಟೆನ್‌ಬರೊ ಅಂದ ಕೂಡಲೇ ಎರಡು ನೆನಪು ಬರುತ್ತವೆ. ಒಂದು, 'ಗಾಂಧಿ' ಸಿನಿಮಾದ ಡೈರೆಕ್ಟರ್. ಶಾಲೆಯಿಂದ ನಮ್ಮನ್ನು ಇಬ್ಬಿಬ್ಬರ ಸಾಲು ಮಾಡಿ ಟಾಕೀಸಿಗೆ ನಡೆಸಿಕೊಂಡು ಹೋಗಿ ತೋರಿಸಿದ್ದರು. ಸಿನಿಮಾಕ್ಕಿಂತ ಇಂಟರ್ವಲ್‌ನಲ್ಲಿ ತಿಂದ ಕಡ್ಲೆಕಾಯಿಯೇ ಜಾಸ್ತಿ ನೆನಪಿದೆ ಅನ್ನೋದು ಬೇರೆ ಮಾತು. ಇನ್ನೊಂದು, 'ಜುರಾಸಿಕ್ ಪಾರ್ಕ್'ನ ಬಿಳಿ ಗಡ್ಡದ ತಾತ. ಡೈನೋಸಾರ್ ಮರಿ ಮೊಟ್ಟೆ ಒಡೆದು ಬರುವಾಗ ಚಿಕ್ಕ ಹುಡುಗನ ಹಾಗೆ ಹಿಗ್ಗುತ್ತಾನಲ್ಲ, ಅವನೇ.

ಆ ತಾತನನ್ನು ಕಳೆದ ಶನಿವಾರ ರಾತ್ರಿ ಬೋಳುತಲೆ, ಕನ್ನಡಕದಲ್ಲಿ ನೋಡಿದೆ. ಟೀ ಮಾಡಿಕೊಡುತ್ತಾನೆ. ಕೆಮ್ಮಿಗೆ ಔಷಧಿ ಕೊಡುತ್ತೇನೆ ಅನ್ನುತ್ತಾನೆ. ರಬ್ಬರ್ ಪೈಪಿನಲ್ಲಿ ಗ್ಯಾಸ್ ಬಿಡುತ್ತಾನೆ. ಅದೂ ಸಿನಿಮಾ ಶುರುವಾಗಿ ಕೆಲವೇ ನಿಮಿಷಗಳಲ್ಲಿ.

ಸಿನಿಮಾದ ಹೆಸರು '10 ರಿಲ್ಲಿಂಗ್ಟನ್ ಪ್ಲೇಸ್'. 1971ರದ್ದು, ಬ್ರಿಟಿಷ್ ಚಿತ್ರ. ಡೈರೆಕ್ಟರ್ ರಿಚರ್ಡ್ ಫ್ಲೈಷರ್ ಮಾತ್ರ ಅಮೆರಿಕದವನು. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ನಿಜವಾಗಿ ನಡೆದ ಕಥೆ. ಕೊನೆವರೆಗೂ ಹೇಳಿಬಿಡುತ್ತೇನೆ, ಬೈಯಬೇಡಿ. ಕೊಲೆಗಾರ ಯಾರು ಅಂತ ಮೊದಲನೇ ಸೀನಿನಲ್ಲೇ ತೋರಿಸಿಬಿಡುವ ಸಿನಿಮಾಗೆ ಸ್ಪಾಯ್ಲರ್ ಏನು ಬಂತು?

ನೋಡುವಾಗ ಒಂದು ವಿಚಿತ್ರ ಆಯಿತು. ಅಟೆನ್‌ಬರೊ ಮಾಡಿರುವ ಜಾನ್ ಕ್ರಿಸ್ಟಿ ಅನ್ನುವ ಪಾತ್ರ ಪಿಸುಮಾತಿನಲ್ಲೇ ಮಾತಾಡುತ್ತದೆ. ಮೊದಲನೇ ಮಹಾಯುದ್ಧದಲ್ಲಿ ವಿಷಗಾಳಿ ತಗುಲಿ ದನಿ ಹೋಯಿತು ಅಂತ ನಿಜವಾದ ಕ್ರಿಸ್ಟಿ ಹೇಳಿಕೊಳ್ಳುತ್ತಿದ್ದ. ನಾನು ಎರಡು ಸಲ ವಾಲ್ಯೂಮ್ ಜಾಸ್ತಿ ಮಾಡಿದೆ. ಆದರೂ ಕೇಳಿಸಲಿಲ್ಲ. ಆಮೇಲೆ ನೋಡಿಕೊಂಡರೆ, ಲ್ಯಾಪ್‌ಟಾಪಿನ ಕಡೆ ಬಗ್ಗಿ ಕೂತಿದ್ದೇನೆ! ಅವನ ಬಾಯಿಗೆ ಕಿವಿ ಕೊಟ್ಟ ಹಾಗೆ. ಆ ಮನೆಗೆ ಬಂದ ಹೆಂಗಸರೂ ಹೀಗೇ ಬಗ್ಗಿರಬೇಕು ಅನಿಸಿ ಮೈ ಜುಮ್ ಅಂದಿತು.

ಮನೆ ಅಂದರೆ ಎಂಥ ಮನೆ ಅಂತೀರಿ. ಮೂರು ಅಂತಸ್ತು, ಪ್ರತಿ ಅಂತಸ್ತಿಗೂ ಬೇರೆ ಬಾಡಿಗೆದಾರ. ಎಲ್ಲರಿಗೂ ಸೇರಿ ಹಿತ್ತಲಲ್ಲಿ ಒಂದೇ ಕಕ್ಕಸು, ಪಕ್ಕದಲ್ಲಿ ಬಟ್ಟೆ ಒಗೆಯುವ ಗೂಡಿನಂಥ ಕೋಣೆ. ವಠಾರದಲ್ಲಿ ಬೆಳೆದವರಿಗೆ ಈ ಮನೆ ನೋಡಿದ ತಕ್ಷಣ ಅರ್ಥವಾಗುತ್ತದೆ. ಮೆಟ್ಟಿಲ ಮೇಲೆ ಯಾರು ಹತ್ತಿದರು, ಯಾರು ಇಳಿದರು, ಯಾರ ಮನೆಯಲ್ಲಿ ಗಂಡ ಹೆಂಡತಿ ಜಗಳ, ಎಲ್ಲ ಎಲ್ಲರಿಗೂ ಗೊತ್ತು. ಕೆಳಗಿನ ಮನೆಯ ಹಿರಿಯರು ಒಳ್ಳೆಯವರಾದರೆ ಪುಣ್ಯ. ಇಲ್ಲಿ ಕೆಳಗಿನ ಮನೆಯವನು ಕ್ರಿಸ್ಟಿ. ಶೂಟಿಂಗ್ ಆದದ್ದೂ ಅದೇ ಬೀದಿಯಲ್ಲಿ. ಆಮೇಲೆ ಇಡೀ ಬೀದಿಯನ್ನೇ ಕೆಡವಿಬಿಟ್ಟರು. ಗೋಡೆಯ ಬಣ್ಣ, ತೇವ, ಬೀದಿಯ ತುದಿಗೆ ನಿಂತ ಫ್ಯಾಕ್ಟರಿ ಚಿಮಣಿ, ಯಾವುದೂ ಸೆಟ್ ಅನಿಸುವುದಿಲ್ಲ.

1948ರಲ್ಲಿ ಮೇಲಿನ ಅಂತಸ್ತಿಗೆ ಬಾಡಿಗೆಗೆ ಬಂದವರು ತಿಮೊಥಿ ಈವನ್ಸ್, ಅವನ ಹೆಂಡತಿ ಬೆರಿಲ್. ಅಲ್ಲೇ ಅವರಿಗೆ ಹೆಣ್ಣುಮಗು, ಜೆರಾಲ್ಡೀನ್. ಈವನ್ಸ್ ವೇಲ್ಸ್ ಕಡೆಯವನು, ಗಣಿ ಊರಿನವನು. ಚಿಕ್ಕಂದಿನಲ್ಲಿ ಕಾಲಿಗೆ ಹುಣ್ಣಾಗಿ, ಶಾಲೆ ತಪ್ಪಿ, ಓದು ಬರಹ ಬರಲೇ ಇಲ್ಲ. ಆದರೆ ಜಂಬಕ್ಕೆ ಏನೂ ಕಮ್ಮಿ ಇಲ್ಲ. ಪಬ್ಬಿನಲ್ಲಿ ಕೂತರೆ ಬಾಯಿಗೆ ಬಂದ ಬಡಾಯಿ ಬಿಡುವ ಆಸಾಮಿ. ಬೆರಿಲ್ ಮತ್ತೆ ಬಸುರಿಯಾದಳು. ಇನ್ನೊಂದು ಮಗುವನ್ನು ಸಾಕುವ ದುಡ್ಡಿಲ್ಲ. ಆಗ ಬ್ರಿಟನ್ನಿನಲ್ಲಿ ಗರ್ಭ ತೆಗೆಸುವುದು ಅಪರಾಧ, ಕಾನೂನು ಬದಲಾದದ್ದು 1967ರಲ್ಲಿ. ಕೆಳಗಿನ ಮನೆಯ ಕ್ರಿಸ್ಟಿ, ನನಗೆ ವೈದ್ಯ ಗೊತ್ತು, ನಾನು ಮಾಡಿಕೊಡುತ್ತೇನೆ ಅಂದ.

ಇಲ್ಲೊಂದು ಚಿಕ್ಕ ಸೀನ್ ಇದೆ. ಕ್ರಿಸ್ಟಿ ಒಂದು ವೈದ್ಯದ ಪುಸ್ತಕ ತಂದು ಈವನ್ಸ್ ಕೈಗೆ ಕೊಡುತ್ತಾನೆ. ಈವನ್ಸ್‌ಗೆ ಅಕ್ಷರ ಬರುವುದಿಲ್ಲ. ಆದರೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಈವನ್ಸ್ ಪಾತ್ರ ಮಾಡಿದ ಜಾನ್ ಹರ್ಟ್ ಮುಖ ನೋಡಬೇಕು ಆಗ. ಕಣ್ಣು ಪುಟದ ಮೇಲೆ ಓಡಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಹಾಂ, ಹೂಂ ಅಂತ ತಲೆಯಾಡಿಸುತ್ತಾನೆ. ಹೆಂಡತಿಯ ಜೀವ ಹೋದದ್ದು ಆ ತಲೆಯಾಡಿಸುವಿಕೆಯಲ್ಲಿ ಅಂತ ನನಗೆ ಅನಿಸಿತು. ಬ್ಯಾಂಕಿನಲ್ಲಿ ಚಲನ್ ಹಿಡಿದು ನಿಂತು, 'ಕನ್ನಡಕ ತಂದಿಲ್ಲಪ್ಪ, ಸ್ವಲ್ಪ ಬರೆದುಕೊಡ್ತೀಯಾ' ಅನ್ನುವ ಹಿರಿಯರನ್ನು ನೀವೂ ನೋಡಿರುತ್ತೀರಿ. ಅದೇ ಮುಖ.

(ಈ ಜಾನ್ ಹರ್ಟ್ ಮುಂದೆ 'ಹ್ಯಾರಿ ಪಾಟರ್'ನಲ್ಲಿ ಮಂತ್ರದಂಡ ಮಾರುವ ಮುದುಕನಾದ. ನನ್ನ ಮಗಳಿಗೆ ಹೇಳಿದರೆ ನಂಬಲಿಲ್ಲ.)

ಬೆರಿಲ್ ಸತ್ತಳು. ಔಷಧಿ ಹೊಂದಲಿಲ್ಲ, ಹೀಗಾಗಿ ಹೋಯಿತು, ಪೊಲೀಸರಿಗೆ ಹೇಳಿದರೆ ಇಬ್ಬರೂ ಒಳಗೆ ಹೋಗುತ್ತೇವೆ, ಮಗುವನ್ನು ನನಗೆ ಗೊತ್ತಿದ್ದವರ ಮನೆಗೆ ಕೊಡುತ್ತೇನೆ, ನೀನು ಊರು ಬಿಡು. ಇದು ಕ್ರಿಸ್ಟಿ ಕೊಟ್ಟ ಸಲಹೆ. ಈವನ್ಸ್ ನಂಬಿದ. ವೇಲ್ಸ್‌ಗೆ ಹೋದ. ಅಲ್ಲಿ ಮನಸ್ಸು ತಡೆಯದೆ 1949ರ ನವೆಂಬರ್ 30ರಂದು ತಾನಾಗಿಯೇ ಪೊಲೀಸ್ ಸ್ಟೇಷನ್ನಿಗೆ ಹೋದ. ಹೋದವನು ನಿಜ ಹೇಳಬಾರದಾ? ಕ್ರಿಸ್ಟಿಯನ್ನು ಕಾಪಾಡಬೇಕು ಅಂತ, ಹೆಂಡತಿ ಏನೋ ಕುಡಿದು ಸತ್ತಳು, ನಾನೇ ಹೆಣವನ್ನು ಮನೆ ಮುಂದಿನ ಚರಂಡಿಗೆ ಹಾಕಿದೆ ಅಂದ. ಲಂಡನ್ ಪೊಲೀಸರು ಹೋಗಿ ನೋಡಿದರು. ಮ್ಯಾನ್‌ಹೋಲ್ ಮುಚ್ಚಳ ಎತ್ತಲು ಮೂವರು ಬೇಕಾಯಿತು. ಒಳಗೆ ಏನೂ ಇಲ್ಲ. ಈ ಬಡಕಲು ಮನುಷ್ಯ ಒಬ್ಬನೇ ಹೇಗೆ ಎತ್ತಿದ? ಮತ್ತೆ ಕೇಳಿದಾಗ, ಇಲ್ಲ ಸ್ವಾಮಿ, ಕ್ರಿಸ್ಟಿ ಮಾಡಿದ್ದು ಅಂದ. ಆಮೇಲೆ ಹಿತ್ತಲಿನ ಒಗೆಯುವ ಕೋಣೆಯಲ್ಲಿ ಬೆರಿಲ್ ಮತ್ತು ಮಗು ಇಬ್ಬರ ಹೆಣವೂ ಸಿಕ್ಕಿತು. ಮಗುವೂ ಸತ್ತಿದೆ ಅಂತ ಪೊಲೀಸರು ಹೇಳಿದ ಮೇಲೆ, ನಾನೇ ಮಾಡಿದ್ದು ಅಂತ ಒಪ್ಪಿಕೊಂಡ. ಕೋರ್ಟಿನಲ್ಲಿ ಮತ್ತೆ, ಕ್ರಿಸ್ಟಿ ಮಾಡಿದ್ದು ಅಂದ.

ನೀವೇ ಜೂರಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಯಾರನ್ನು ನಂಬುತ್ತೀರಿ?

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಅಂತಾರೆ ನಮ್ಮಲ್ಲಿ. ಚಿಕ್ಕಂದಿನಲ್ಲಿ ಇದನ್ನು ಒಳ್ಳೆಯ ಮಾತು ಅಂತಲೇ ಕಾಪಿ ಬರೆದಿದ್ದೇವೆ. ಕ್ರಿಸ್ಟಿ ಸಾಕ್ಷಿ ಹೇಳುವ ಸೀನ್ ನೋಡಿದ ಮೇಲೆ ಗಾದೆಯ ಎರಡನೇ ಅರ್ಧ ಬೇರೆ ಥರ ಕೇಳಿಸಿತು. ಕೋಟು ಹಾಕಿಕೊಂಡು, ಮೆಲ್ಲಗೆ, ಆಗಾಗ ಬೆನ್ನುನೋವಿನ ಕಷ್ಟ ಹೇಳಿಕೊಳ್ಳುತ್ತ ನಿಂತಿದ್ದಾನೆ. ಯುದ್ಧಕ್ಕೆ ಹೋಗಿದ್ದವನು, ಎರಡನೇ ಯುದ್ಧದ ಕಾಲದಲ್ಲಿ ಮೀಸಲು ಪೊಲೀಸ್ ಆಗಿದ್ದವನು. 1929ರಲ್ಲಿ ಒಬ್ಬ ಹೆಂಗಸಿಗೆ ಕ್ರಿಕೆಟ್ ಬ್ಯಾಟಿನಲ್ಲಿ ಹೊಡೆದು ಜೈಲಿಗೆ ಹೋಗಿದ್ದವನೂ ಹೌದು. ಅವನ ಹಳೇ ಶಿಕ್ಷೆಗಳ ವಿಷಯ ಕೋರ್ಟಿನಲ್ಲಿ ಬಂತು. ಬಂದರೂ ಏನೂ ಆಗಲಿಲ್ಲ. ಸರ್ಕಾರದ ಕಡೆಯ ಮುಖ್ಯ ಸಾಕ್ಷಿಯೇ ಅವನು! ಜೂರಿಯವರು 40 ನಿಮಿಷದಲ್ಲಿ ಎದ್ದು ಬಂದರು. ಮಗುವನ್ನು ಕೊಂದದ್ದಕ್ಕೆ ಈವನ್ಸ್‌ಗೆ ನೇಣು. 1950ರ ಮಾರ್ಚ್ 9ಕ್ಕೆ ಮುಗಿದೇ ಹೋಯಿತು. ಸ್ಟೇಷನ್ ಮೆಟ್ಟಿಲು ಹತ್ತಿದ ದಿನದಿಂದ ಎಣಿಸಿದರೆ 99 ದಿನ.

ಈ ಸಿನಿಮಾದ ಬಗ್ಗೆ ಇಷ್ಟುದ್ದ ಬರೆಯಲು ಕಾರಣ ಇದೆ. ನಮ್ಮ ಹಾಸ್ಟೆಲಿನ ಒಂದು ವಾಚು.

ಯಾವ ಊರು, ಯಾವ ಹಾಸ್ಟೆಲು ಅನ್ನೋದು ಬೇಡ. ಮೆಸ್ಸಿನಲ್ಲಿ ಭಟ್ಟರ ಕೈಕೆಳಗೆ ಒಬ್ಬ ಹುಡುಗ ಇದ್ದ. ಹದಿಮೂರೋ ಹದಿನಾಲ್ಕೋ ಇರಬೇಕು. ತರಕಾರಿ ಹೆಚ್ಚುವುದು, ತಟ್ಟೆ ತೊಳೆಯುವುದು. ಒಂದು ದಿನ ಮೇಲಿನ ರೂಮಿನವನ ವಾಚು ಕಾಣೆಯಾಯಿತು. ವಾರ್ಡನ್ ಹುಡುಗನನ್ನು ಕರೆಸಿದರು. 'ನಾನು ಮೇಲಕ್ಕೇ ಹೋಗಿಲ್ಲ ಸಾರ್' ಅಂದ. ಅವನು ಮಧ್ಯಾಹ್ನ ಮೆಟ್ಟಿಲು ಇಳಿಯುವುದನ್ನು ನಾನು ನೋಡಿದ್ದೆ. ಹೇಳಿದೆ. ಆಗ ನಾನು ಡಿಬೇಟಿನಲ್ಲೆಲ್ಲ ಬಹುಮಾನ ತಗೊಳ್ಳುತ್ತಿದ್ದವನು, ಅಚ್ಚುಕಟ್ಟಾಗಿ ಟೈಮು ಸಮೇತ ಹೇಳಿದೆ. ಹುಡುಗ ಗಾಬರಿಯಾಗಿ, ಗುಡಿಸೋಕೆ ಹೋಗಿದ್ದೆ ಅಂದ. ಗುಡಿಸುವವಳು ಬೇರೆ ಇದ್ದಳು. ಆಮೇಲೆ ಅಳುತ್ತ, 'ಕನ್ನಡಿ ನೋಡೋಕೆ ಹೋಗಿದ್ದೆ ಸಾರ್' ಅಂದ. ಆ ರೂಮಿನಲ್ಲಿ ಒಂದು ಆಳೆತ್ತರದ ಕನ್ನಡಿ ಇತ್ತು. ನಿಂತಿದ್ದವರೆಲ್ಲ ಹೋ ಅಂತ ನಕ್ಕೆವು. ಮೂರು ಸಲ ಮಾತು ಬದಲಾಯಿಸಿದನಲ್ಲ, ಇನ್ನೇನು ಬೇಕು? ಸಂಜೆ ಅವನ ಚಿಕ್ಕಪ್ಪನನ್ನು ಕರೆಸಿ ಊರಿಗೆ ಕಳಿಸಿದರು.

ತಪ್ಪು ಆರೋಪ ಹೊತ್ತವನ ಸಿನಿಮಾಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಹಿಚ್‌ಕಾಕ್ ಅಂತೂ ಅದರಲ್ಲಿ ಪಳಗಿದ ಕೈ. 1935ರ 'ದಿ 39 ಸ್ಟೆಪ್ಸ್' ನೋಡಿ. ಮನೆಯಲ್ಲಿ ಹೆಂಗಸಿನ ಹೆಣ, ಹೀರೋ ರೈಲು ಹತ್ತಿ ಸ್ಕಾಟ್ಲೆಂಡಿಗೆ ಓಟ, ಹುಡುಗಿಯ ಕೈಗೂ ಅವನ ಕೈಗೂ ಒಂದೇ ಬೇಡಿ. ಮಜಾ ಇದೆ, ನಾನು ನಾಲ್ಕು ಸಲ ನೋಡಿದ್ದೇನೆ. ಆದರೆ ಆ ಹೀರೋಗಳು ಬುದ್ಧಿವಂತರು, ಸೂಟು ಹಾಕಿದವರು, ಎಂಥ ಕಡೆ ಸಿಕ್ಕಿಬಿದ್ದರೂ ಮಾತಾಡಿ ಬಚಾವಾಗುವವರು. ಈವನ್ಸ್ ಕೈಲಿ ಅದೇ ಆಗಲಿಲ್ಲ. ಅವನಿಗೆ ನಿಜ ಗೊತ್ತಿತ್ತು, ಹೇಳಲು ಬರಲಿಲ್ಲ.

ನೇಣಿನ ಸೀನ್ ಬಗ್ಗೆ ಒಂದು ಮಾತು. ಮ್ಯೂಸಿಕ್ ಇಲ್ಲ, ಡೈಲಾಗ್ ಇಲ್ಲ, ದೇವರನ್ನು ನೆನೆಯುವ ಉದ್ದನೆಯ ನಡಿಗೆ ಇಲ್ಲ. ಬಾಗಿಲು ತೆಗೆಯಿತು, ಜನ ಬಂದರು, ಕೈ ಕಟ್ಟಿದರು, ಮುಗಿಯಿತು. ಸರ್ಕಾರಿ ಕೆಲಸ ಇಷ್ಟು ಬೇಗ ಆಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಷ್ಟು ಕರಾರುವಾಕ್ಕಾಗಿ ಬರಲು ಕಾರಣ ಇದೆ. ಅದಕ್ಕೆ ಸಲಹೆ ಕೊಟ್ಟವನು ಆಲ್ಬರ್ಟ್ ಪಿಯರ್‌ಪಾಯಿಂಟ್, ನಿಜವಾದ ಈವನ್ಸ್‌ನನ್ನು ನೇಣಿಗೆ ಹಾಕಿದ ಅದೇ ಮನುಷ್ಯ. ಮೂರು ವರ್ಷ ಬಿಟ್ಟು ಅದೇ ಪೆಂಟನ್‌ವಿಲ್ ಜೈಲಿನಲ್ಲಿ ಕ್ರಿಸ್ಟಿಯನ್ನು ನೇಣಿಗೆ ಹಾಕಿದವನೂ ಅವನೇ.

ಹೌದು, ಕ್ರಿಸ್ಟಿ ಸಿಕ್ಕಿಬಿದ್ದ. 1953ರ ಮಾರ್ಚ್‌ನಲ್ಲಿ ಅವನು ಮನೆ ಖಾಲಿ ಮಾಡಿ ಹೋದ ಮೇಲೆ, ಜಮೈಕಾದಿಂದ ಬಂದಿದ್ದ ಒಬ್ಬ ಬಾಡಿಗೆದಾರ ರೇಡಿಯೋ ಇಡಲು ಅಡುಗೆಮನೆ ಗೋಡೆಗೆ ಬ್ರಾಕೆಟ್ ಹೊಡೆಯಲು ಹೋದ. ಗೋಡೆ ಟೊಳ್ಳು. ವಾಲ್‌ಪೇಪರ್ ಸುಲಿದು ನೋಡಿದರೆ ಒಳಗೆ ಹೆಣ. ಒಂದಲ್ಲ, ಮೂರು. ನೆಲದ ಹಲಗೆ ಕೆಳಗೆ ಕ್ರಿಸ್ಟಿಯ ಹೆಂಡತಿ. ಹಿತ್ತಲಲ್ಲಿ ಇನ್ನಿಬ್ಬರ ಮೂಳೆ. 1949ರಲ್ಲೂ ಪೊಲೀಸರು ಇದೇ ಮನೆಗೆ ಬಂದು ಹುಡುಕಿದ್ದರು. ಆಗ ಹಿತ್ತಲ ಬೇಲಿಗೆ ಊರುಗೋಲಾಗಿ ಕೊಟ್ಟಿದ್ದು ಒಂದು ತೊಡೆಮೂಳೆ. ಯಾರ ಕಣ್ಣಿಗೂ ಬೀಳಲಿಲ್ಲ. ಆ ದಿನಗಳಲ್ಲಿ ಮನೆ ರಿಪೇರಿ ಮಾಡುತ್ತಿದ್ದ ಕೆಲಸಗಾರರು, ಒಗೆಯುವ ಕೋಣೆಯಲ್ಲಿ ಹೆಣ ಇರಲಿಲ್ಲ ಅಂದಿದ್ದರು. ಅದೂ ಜೂರಿಯ ಮುಂದೆ ಬರಲಿಲ್ಲ.

ಬೆರಿಲ್‌ಳನ್ನೂ ನಾನೇ ಕೊಂದೆ ಅಂತ ಕ್ರಿಸ್ಟಿ ಒಪ್ಪಿಕೊಂಡ. ಸರ್ಕಾರ ಏನು ಮಾಡಬೇಕಿತ್ತು? ತರಾತುರಿಯಲ್ಲಿ ಒಂದು ವಿಚಾರಣೆ ಮಾಡಿಸಿತು. ಈವನ್ಸೇ ತಪ್ಪಿತಸ್ಥ ಅಂತ ವರದಿ ಬಂತು. ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ, ಕತ್ತು ಹಿಸುಕಿ ಕೊಲ್ಲುವ ಇಬ್ಬರು ಬೇರೆ ಬೇರೆ ಇದ್ದರಂತೆ. ಪತ್ರಕರ್ತ ಲುಡೊವಿಕ್ ಕೆನಡಿ 1961ರಲ್ಲಿ ಪುಸ್ತಕ ಬರೆದು ಎಲ್ಲ ಕೆದಕಿದ. ಸಿನಿಮಾಗೆ ಅದೇ ಆಧಾರ. ಇನ್ನೊಂದು ವಿಚಾರಣೆ ಆಯಿತು. ಅದಂತೂ ಇನ್ನೂ ಚೆನ್ನಾಗಿದೆ: ಈವನ್ಸ್ ಮಗುವನ್ನು ಕೊಂದಿರಲಿಕ್ಕಿಲ್ಲ, ಹೆಂಡತಿಯನ್ನು ಕೊಂದಿರಬಹುದು! ಗಲ್ಲಿಗೆ ಹಾಕಿದ್ದು ಮಗುವಿನ ಕೇಸಿನಲ್ಲಿ, ಹಾಗಾಗಿ 1966ರಲ್ಲಿ ಕ್ಷಮಾದಾನ ಸಿಕ್ಕಿತು. ಸತ್ತು 16 ವರ್ಷಕ್ಕೆ. ಅಷ್ಟರಲ್ಲಿ, 1965ರಲ್ಲೇ, ಬ್ರಿಟನ್ ಕೊಲೆಗೆ ನೇಣು ಹಾಕುವುದನ್ನು ನಿಲ್ಲಿಸಿತ್ತು. ಅದಕ್ಕಾಗಿ ವಾದ ಮಾಡಿದವರ ಬಾಯಲ್ಲಿ ಈವನ್ಸ್ ಹೆಸರು ಇದ್ದೇ ಇರುತ್ತಿತ್ತು. ಅಟೆನ್‌ಬರೊ ಕೂಡ ಮರಣದಂಡನೆ ಬೇಡ ಅನ್ನುವ ಕಡೆಯವನು, ಇಂಥ ಪಾತ್ರ ಒಪ್ಪಿದ್ದೂ ಅದಕ್ಕೇ.

2004ರಲ್ಲಿ ಈವನ್ಸ್‌ನ ಮನೆಯವರು, ಕ್ಷಮೆ ಸಾಲದು, ತೀರ್ಪನ್ನೇ ರದ್ದು ಮಾಡಿ ಅಂತ ಕೇಳಿದರು. ಅವನು ಇಬ್ಬರನ್ನೂ ಕೊಂದಿಲ್ಲ ಅಂತ ನ್ಯಾಯಾಧೀಶರು ಒಪ್ಪಿದರು. ಆದರೆ ಮತ್ತೆ ಕೇಸು ನಡೆಸುವ ಖರ್ಚಿಗೆ ಅರ್ಥವಿಲ್ಲ ಅಂದರು.

ಸಿನಿಮಾದಲ್ಲಿ ಕೊರತೆ ಇಲ್ಲ ಅಂತಲ್ಲ. ಬೆರಿಲ್ ಪಾತ್ರ ಮಾಡಿದ ಜೂಡಿ ಗೀಸನ್‌ಗೆ ಇನ್ನಷ್ಟು ಜಾಗ ಕೊಡಬೇಕಿತ್ತು. ಕ್ರಿಸ್ಟಿಯ ಹೆಂಡತಿಗೆ ಎಷ್ಟು ಗೊತ್ತಿತ್ತು ಅನ್ನುವ ಪ್ರಶ್ನೆಯನ್ನೂ ಮುಟ್ಟಿ ಬಿಟ್ಟುಬಿಡುತ್ತಾರೆ. ಊಟ ಮಾಡುತ್ತ ನೋಡಬೇಡಿ, ಮಕ್ಕಳ ಜೊತೆಯಂತೂ ಬೇಡವೇ ಬೇಡ. ಸಬ್‌ಟೈಟಲ್ ಹಾಕಿಕೊಳ್ಳಿ, ಆಗಲಾದರೂ ಅವನ ಕಡೆ ಬಗ್ಗುವುದು ತಪ್ಪುತ್ತದೆ.

ವಾಚಿನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ವಾಚು ಕಳೆದುಕೊಂಡಿದ್ದವನು ದಸರಾ ರಜೆ ಮುಗಿಸಿ ಬಂದು ಊಟದ ಹೊತ್ತಿಗೆ ಮೆಸ್ಸಿನಲ್ಲಿ ಕೈ ಎತ್ತಿ ತೋರಿಸಿದ. 'ಲೋ, ಬ್ಯಾಗಿನ ಸೈಡ್ ಜಿಪ್ಪಿನಲ್ಲೇ ಇತ್ತು ಕಣ್ರೋ!' ನಾವೆಲ್ಲ ನಕ್ಕೆವು. ನಾನೂ ನಕ್ಕೆ. ನನ್ನ ತಟ್ಟೆಗೆ ಸಾರು ಹಾಕಲು ಬಂದಿದ್ದ ಭಟ್ಟರು ಸೌಟು ಹಿಡಿದುಕೊಂಡು ಹಾಗೇ ನಿಂತರು. ಆಮೇಲೆ ಸಾರು ಹಾಕದೆಯೇ ಮುಂದಿನ ತಟ್ಟೆಗೆ ಹೋದರು.