ಷ್ರೆಡ್ಡರ್ ಬಾಯಿಗೆ ಸಿಕ್ಕಿದ್ದೆಲ್ಲ ತುರುಕಬೇಡಿ

ಪ್ರಿಂಟರ್ ಪಕ್ಕದಲ್ಲಿ ಷ್ರೆಡ್ಡರ್ (ಕಾಗದ ಚೂರು ಮಾಡುವ ಯಂತ್ರ) ಇದ್ದರೆ ಸಾಕು, ಹುಟ್ಟುಹಬ್ಬದ ನೋಟಿಸೂ ಗುಟ್ಟಿನ ಕಾಗದವಾಗಿಬಿಡುತ್ತದೆ. ಕಾಗದದ ಮರುಬಳಕೆಗೆ ಆಫೀಸುಗಳು ಮಾಡುವ ದೊಡ್ಡ ಅನ್ಯಾಯ ಇದೇ.

ಗುಜರಿಯವರು ‘ವೈಟ್ ರೆಕಾರ್ಡ್’ ಅನ್ನುವ ಬಿಳಿ ಎ4 ಹಾಳೆಯ ತಿರುಳು (ಪಲ್ಪ್) ಮೊದಲೇ ಬ್ಲೀಚ್ ಆಗಿರುತ್ತದೆ, ಹಾಗಾಗಿ ಮತ್ತೆ ಬಿಳಿ ಹಾಳೆ ಮಾಡಲು ಅನುಕೂಲ. ನ್ಯೂಸ್‌ಪೇಪರಿನ ತಿರುಳು ಹಾಗಲ್ಲ. ಆದರೆ ಹಾಳೆ ಇಡಿಯಾಗಿದ್ದರೆ ತಾನೆ ಬಣ್ಣದ್ದನ್ನು, ಕೆಟ್ಟದ್ದನ್ನು ಕಣ್ಣಲ್ಲಿ ಕಂಡು ಹೆಕ್ಕಲು ಸಾಧ್ಯ? ಚೂರಾದ ಮೇಲೆ ಯಾರು ಹೆಕ್ಕುತ್ತಾರೆ? ಜೊತೆಗೆ ನಾರೂ ತುಂಡಾಗುತ್ತದೆ. ಕಾಗದಕ್ಕೆ ಬಳಸುವ ನೀಲಗಿರಿ ಮರದ ನಾರು ಮೊದಲೇ 1 ಮಿ.ಮೀ.ಗಿಂತ ಗಿಡ್ಡ, ಚೂರು ಸಣ್ಣದಾದಷ್ಟೂ ನಷ್ಟ ಹೆಚ್ಚು. ಆಧಾರ್ ಪ್ರತಿ, ಸಂಬಳದ ಚೀಟಿಯಂಥವನ್ನು ಕತ್ತರಿಸಲೇಬೇಕು. ಅದಕ್ಕೆ ಚೂರಿನ ಗಾತ್ರ ಹೇಳುವ ಜರ್ಮನ್ ಮಾನದಂಡ ಡಿಐಎನ್ 66399ರ ಪಿ-4 ಮಟ್ಟ (ಒಂದು ಚೂರು 160 ಚದರ ಮಿ.ಮೀ. ಮೀರದಂತೆ) ಧಾರಾಳ ಸಾಕು. ಪಿ-5ರ 30 ಚದರ ಮಿ.ಮೀ. ಚೂರು ಮಾಮೂಲಿ ಆಫೀಸಿಗೆ ಬರೀ ಶೋಕಿ. ಚೂರುಗಳನ್ನು ಬೇರೆ ಚೀಲಕ್ಕೆ ಕಟ್ಟಿ, ಹಾಳೆಗಳ ಜೊತೆ ಬೆರೆಸಬೇಡಿ.

ಲೇಸರ್ ಪ್ರಿಂಟರಿನ ಟೋನರ್ ಶಾಯಿಯಲ್ಲ, ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್ ಪುಡಿ. ಮಸಿ ತೆಗೆಯಲು ಮಿಲ್ಲಿನಲ್ಲಿ ತಿರುಳನ್ನು ನೀರಲ್ಲಿ ಕಲಕಿ, ಸೋಪು ಹಾಕಿ, ಗಾಳಿಗುಳ್ಳೆ ಬಿಡುತ್ತಾರೆ. ಮಸಿಯ ಕಣ ಗುಳ್ಳೆಗೆ ಅಂಟಿ ನೊರೆಯಾಗಿ ಮೇಲೆ ಬರುತ್ತದೆ. ಟೋನರ್ ದೊಡ್ಡ ಚಕ್ಕೆಯಾಗಿ ಬಿಟ್ಟುಕೊಂಡರೆ ಗುಳ್ಳೆಗೆ ಭಾರ, ಹೊಸ ಹಾಳೆಯ ಮೇಲೆ ಕಪ್ಪು ಚುಕ್ಕಿ. ಇಂಕ್‌ಜೆಟ್‌ನ ತಾಪತ್ರಯ ಉಲ್ಟಾ: ಅದರ ಬಣ್ಣ ನೀರಿಗೇ ಇಳಿದು ಗುಳ್ಳೆಗೆ ಸಿಗದೆ, ಇಡೀ ತಿರುಳನ್ನು ಬೂದು ಮಾಡುತ್ತದೆ. ಪರಿಸರಪ್ರೇಮದ ಪೋಸ್ಟರನ್ನು ಪುಟ ತುಂಬ ಗಾಢ ಹಸಿರಿನಲ್ಲಿ ಪ್ರಿಂಟ್ ಹೊಡೆಯುವವರು ಇದನ್ನು ಗಮನಿಸಿ.

ಸ್ಟೇಪ್ಲರ್ ಪಿನ್ ಕೀಳುತ್ತಾ ಕೂರುವುದು ಬೇಡ, ಮಿಲ್ಲಿನಲ್ಲಿ ಅದನ್ನು ಬೇರ್ಪಡಿಸುತ್ತಾರೆ. ನಿಜವಾದ ಶತ್ರು ಅಂಟು. ಸೆಲ್ಲೋಟೇಪು, ವಿಳಾಸದ ಸ್ಟಿಕ್ಕರು ಮೆತ್ತಗಾಗಿ ಜಾಳಿಗೆಗೆ, ರೋಲರಿಗೆ ಮೆತ್ತಿಕೊಳ್ಳುತ್ತವೆ. ಲ್ಯಾಮಿನೇಟ್ ಮಾಡಿದ್ದು, ಕಾರ್ಬನ್ ಪೇಪರು, ಎಣ್ಣೆ ಹತ್ತಿದ್ದು ಬೇಡವೇ ಬೇಡ. ಎಟಿಎಂ ಚೀಟಿ, ಅಂಗಡಿ ಬಿಲ್ಲೂ ಬೇಡ. ಉಗುರಲ್ಲಿ ಗೀರಿದಾಗ ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ. ಅದರ ಲೇಪನದಲ್ಲಿ ಬಿಸ್ಫಿನಾಲ್‌ನಂಥ ರಾಸಾಯನಿಕ ಇರುತ್ತದೆ, ತಿರುಳಿಗೆ ಸೇರಬಾರದು.

75 ಜಿಎಸ್‌ಎಂನ (ಚದರ ಮೀಟರಿಗೆ 75 ಗ್ರಾಂ ತೂಗುವ) ಎ4 ಕಾಗದದ ಒಂದು ರೀಮ್, ಅಂದರೆ 500 ಹಾಳೆ, ಸುಮಾರು 2.3 ಕಿಲೋ ತೂಗುತ್ತದೆ. ಹತ್ತು ರೀಮಿನಷ್ಟು ಸೇರಿದಾಗ ಕೊಟ್ಟರೆ ಒಯ್ಯುವವರಿಗೂ ಗಿಟ್ಟುತ್ತದೆ. ಅಲ್ಲಿಯವರೆಗೆ ಒದ್ದೆಯಾಗದಂತೆ ಇಡಿ.

ಇನ್ನು ಒಂದು ಬದಿ ಖಾಲಿ ಇರುವ ಹಾಳೆಗಳು. ಕರಡು ಪ್ರತಿ ಪ್ರಿಂಟ್ ಮಾಡಲು ಬಳಸಿ. ಆದರೆ ಪಿನ್ ಇದ್ದದ್ದು, ಮೂಲೆ ಮಡಚಿದ್ದು ಟ್ರೇಗೆ ಹೋದರೆ ಜಾಮ್ ಖಂಡಿತ. ಪಿನ್ ಕಿತ್ತು, ಒಂದು ರಾತ್ರಿ ಭಾರದಡಿ ಇಟ್ಟು, ಬೈಪಾಸ್ ಟ್ರೇಯಿಂದ (ಪ್ರಿಂಟರಿಗೆ ಹಾಳೆಯನ್ನು ಕೈಯಿಂದ ಕೊಡುವ ಟ್ರೇ) ಹಾಕಿ. ಹಿಂಬದಿಯಲ್ಲಿ ಯಾರ ಸಂಬಳ ಇದೆ ಅಂತಲೂ ಒಮ್ಮೆ ನೋಡಿ.