ಚದರ ಅಡಿ ರೇಟಿನಲ್ಲಿ ಗುಂಡಿ ಬರುವುದಿಲ್ಲ

ಬೋರ್ಡ್ ಮಾಡಿಸಲು ಬರುವವರು ಮೊದಲು ಕೇಳುವುದು ಒಂದೇ ಮಾತು. "ಚದರ ಅಡಿಗೆ ಎಷ್ಟು?"

ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು, ಶಟರ್, ಜೊತೆಗೆ ಕಂಬದ ಮೇಲೆ ನಿಲ್ಲಿಸುವ ದೊಡ್ಡ ಬೋರ್ಡುಗಳು. ಇಷ್ಟು ವರ್ಷದಲ್ಲಿ "ಗುಂಡಿ ಎಷ್ಟು ಆಳ ತೆಗೀತೀರಾ?" ಅಂತ ಕೇಳಿದ ಗಿರಾಕಿಗಳು ಮೂರೋ ನಾಲ್ಕೋ ಜನ. ನಾನೂ ಬಾಯಿ ಬಿಡುತ್ತಿರಲಿಲ್ಲ ಬಿಡಿ. ಗುಂಡಿ ಲೆಕ್ಕ ಎತ್ತಿದರೆ ರೇಟು ಜಾಸ್ತಿ ಕಾಣುತ್ತೆ, ಗಿರಾಕಿ ಪಕ್ಕದ ಶೆಡ್‌ಗೆ ಹೋಗುತ್ತಾನೆ.

2012ರಲ್ಲಿ ಊರ ಹೊರಗಿನ ಒಂದು ಲೇಔಟ್‌ಗೆ ಬೋರ್ಡ್ ನಿಲ್ಲಿಸಿದ್ದೆ. ಅಪ್ಪಟ ಎರೆ ಭೂಮಿ. 16 ಅಡಿ ಅಗಲ, 8 ಅಡಿ ಎತ್ತರದ ಫ್ರೇಮು, ನೆಲದಿಂದ 8 ಅಡಿ ಮೇಲೆ. ಎರಡು ಚಾನೆಲ್ ಕಂಬ, ಮೂರಡಿ ಗುಂಡಿ. ಆಗ ಫ್ಲೆಕ್ಸ್ ನಿಷೇಧ ಇನ್ನೂ ಬಂದಿರಲಿಲ್ಲ, ಫ್ಲೆಕ್ಸೇ ಕಟ್ಟಿದ್ದೆವು. ಮುಂಗಾರಿಗೆ ಮುಂಚೆ ಬರುವ ಗಾಳಿ ಗೊತ್ತಲ್ವಾ, ಅದಕ್ಕೆ ಪ್ರತಿ ವರ್ಷ ಫ್ಲೆಕ್ಸ್ ಚಿಂದಿ. ಎರಡು ಸಲ ಹಾಗಾದ ಮೇಲೆ ಲೇಔಟಿನ ಗೌಡ್ರು ರೇಗಿದರು. "ಏನ್ ತಮ್ಮಾ, ವರ್ಷ ವರ್ಷ ಇದೇ ಗೋಳು. ತಗಡು ಹೊಡೆದುಬಿಡು ಅತ್ಲಾಗೆ." ಅದೇ ಫ್ರೇಮಿಗೆ, ಅದೇ ಕಂಬಕ್ಕೆ ಜಿಐ ಶೀಟ್ ಹೊಡೆದು ಪೇಂಟ್ ಮಾಡಿಸಿದೆ. ನೋಡೋಕೆ ಜಬರ್ದಸ್ತಾಗಿತ್ತು.

ಮುಂದಿನ ಭರಣಿ ಮಳೆಗೆ ತಗಡು ಹರಿಯಲಿಲ್ಲ. ಬೋರ್ಡೇ ಮಲಗಿತು.

ಬೆಳಿಗ್ಗೆ ಹೋಗಿ ನೋಡಿದರೆ ಕಂಬ ಬಾಗಿಲ್ಲ, ಒಂದು ವೆಲ್ಡಿಂಗೂ ಬಿಟ್ಟಿಲ್ಲ. ಒಂದು ಕಂಬ ಕಾಂಕ್ರೀಟ್ ಗಡ್ಡೆಯ ಸಮೇತ, ಹಲ್ಲು ಕಿತ್ತ ಹಾಗೆ ಮೇಲೆ ಬಂದಿದೆ. ಇನ್ನೊಂದು ಓರೆಯಾಗಿ ನಿಂತಿದೆ. ವಾಚ್‌ಮನ್‌ನ ಮೊಪೆಡ್ ಕೆಳಗೆ ಅಪ್ಪಚ್ಚಿ. ನಮ್ಮ ವೆಲ್ಡರ್ ಹುಡುಗ ಅಳತೆ ಟೇಪ್ ತೆಗೆದು, ಓರೆಯಾದ ಕಂಬದ ಹಿಂದೆ ಗಾಳಿ ಬಂದ ಕಡೆ, ಗಡ್ಡೆಗೂ ಮಣ್ಣಿಗೂ ನಡುವೆ ಪಟ್ಟಿ ಇಳಿಬಿಟ್ಟ. ಎಲ್ಲೂ ತಾಗದೆ ಒಂದು ಮೊಳ ಇಳಿಯಿತು. ಆಮೇಲೆ ಸುತ್ತ ನಾಲ್ಕೂ ಕಡೆ ಬಿಟ್ಟು ನೋಡಿದ. "ಅಣ್ಣಾ, ಇದನ್ನ ಮಣ್ಣು ಹಿಡಿದೇ ಇಲ್ಲ" ಅಂದ.

ಎರೆ ಮಣ್ಣಿನ ಬುದ್ಧಿ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತೆ, ಮಳೆಗೆ ಉಬ್ಬುತ್ತೆ. ಬಾಯಿ ಬಿಡುವಾಗ ಕಾಂಕ್ರೀಟಿನಿಂದಲೂ ದೂರ ಸರಿಯುತ್ತೆ. ಜೋರು ಗಾಳಿ ಬೀಸುವುದು ಸರಿಯಾಗಿ ಅದೇ ಹೊತ್ತಿಗೆ, ಮಣ್ಣು ಇನ್ನೂ ನೆನೆದು ಬಿಗಿಯಾಗುವ ಮುಂಚೆ.

ಮನೆಗೆ ಬಂದು ಗೊತ್ತಿರುವ ಎಂಜಿನಿಯರ್ ಒಬ್ಬರ ಹತ್ತಿರ ಕೂತು ಲೆಕ್ಕ ಹಾಕಿದೆ. ಗಾಳಿಯ ಹೊಡೆತದ ಲೆಕ್ಕಕ್ಕೆ ಐಎಸ್ 875, ಮೂರನೇ ಭಾಗ ಅಂತ ಒಂದು ಭಾರತೀಯ ಮಾನಕ ಸಂಹಿತೆ ಇದೆ. ಯಾವ ಊರಿಗೆ ಎಷ್ಟು ವೇಗದ ಗಾಳಿ ಹಿಡಿಯಬೇಕು ಅಂತ ಅದರಲ್ಲಿದೆ. ಬೆಂಗಳೂರು, ಮೈಸೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಮುಂಬೈಗೆ 44, ಚೆನ್ನೈಗೆ 50. ದೇಶದಲ್ಲೇ ಅತಿ ಕಮ್ಮಿ ಅಂಕಿ 33, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ಕಮ್ಮಿ ಅಂಕಿಯನ್ನೇ ಹಿಡಿದರೂ ಒಂದು ಚದರ ಮೀಟರಿಗೆ 66 ಕೆಜಿ ಒತ್ತಡ. ನನ್ನ ಬೋರ್ಡು ಹೆಚ್ಚೂಕಮ್ಮಿ 12 ಚದರ ಮೀಟರ್. ಎಂಟು ಕ್ವಿಂಟಾಲ್! ನಾನು ತಲೆಕೆಡಿಸಿಕೊಂಡಿದ್ದು ಬೋರ್ಡಿನ ತೂಕಕ್ಕೆ. ಅದು ಮೂರು ಕ್ವಿಂಟಾಲೂ ಇರಲಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತೆ, ಅದು ಬೇರೆ.

ಆ ಎಂಟು ಕ್ವಿಂಟಾಲ್ ಒತ್ತುವುದು ನೆಲದಲ್ಲಲ್ಲ, ಹನ್ನೆರಡು ಅಡಿ ಮೇಲೆ. ದನ ಕಟ್ಟುವ ಗೂಟ ಕೀಳುವಾಗ ಬುಡ ಹಿಡಿದು ಎಳೆಯುತ್ತೀವಾ? ತುದಿ ಹಿಡಿದು ಅಲ್ಲಾಡಿಸುತ್ತೀವಿ. ಗಾಳಿ ಮಾಡಿದ್ದೂ ಅದನ್ನೇ.

ಎರಡು ವರ್ಷ ಬೋರ್ಡನ್ನು ಕಾಪಾಡಿದ್ದು ಆ ಬಡಪಾಯಿ ಫ್ಲೆಕ್ಸು. ಗಾಳಿ ಮಿತಿ ಮೀರಿದಾಗ ತಾನು ಹರಿದುಕೊಂಡು ಕಂಬ ಉಳಿಸುತ್ತಿತ್ತು. ತಗಡು ಹೊಡೆದು ಆ ದಾರಿಯನ್ನು ನಾನೇ ಮುಚ್ಚಿದೆ. ಈಗಲೂ ಊರಿಡೀ ನೋಡುತ್ತೇನೆ, ಬ್ಯಾನರ್‌ಗೆ ಅಂತ ಮಾಡಿದ ಹಳೇ ಫ್ರೇಮಿಗೆ ಎಸಿಪಿ ಶೀಟ್, ಅಂದರೆ ಹರಿಯದ ಗಟ್ಟಿ ಅಲ್ಯೂಮಿನಿಯಂ ಹಲಗೆ, ಅಂಟಿಸುತ್ತಾರೆ. ಹೊಟ್ಟೆ ತೊಳಸುತ್ತೆ. ಇನ್ನು ಕೆಲವರು ಗಾಳಿ ಆಡಲಿ ಅಂತ ಬ್ಯಾನರ್‌ಗೆ ಅರ್ಧಚಂದ್ರದ ತೂತು ಕುಯ್ಯುತ್ತಾರೆ. ಕಮ್ಮಿಯಾಗುವುದು ಆ ತೂತುಗಳ ಜಾಗದ ಗಾಳಿ ಅಷ್ಟೇ. ಅದನ್ನು ನಂಬಿ ಕಂಬ ಸಣ್ಣದು ಮಾಡಬೇಡಿ.

ಮುಂಬೈನ ಘಾಟ್ಕೋಪರ್‌ನಲ್ಲಿ 2024ರ ಮೇ 13ರಂದು ಪೆಟ್ರೋಲ್ ಬಂಕ್ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರು. 120 ಅಡಿ ಉದ್ದ, 120 ಅಡಿ ಅಗಲ. ಅಲ್ಲಿನ ಪಾಲಿಕೆಯ ಮಿತಿ ಇದ್ದಿದ್ದು 40ಕ್ಕೆ 40. ಒಂಬತ್ತು ಪಟ್ಟು! ಪಾಯ ಸಾಲದಾಗಿತ್ತು ಅಂತ ಆಮೇಲೆ ಪರಿಶೀಲಿಸಿದವರು ಹೇಳಿದರು. ಆ ವಿಡಿಯೊ ನಾನು ಪೂರ್ತಿ ನೋಡಲಿಲ್ಲ. ಮೊಪೆಡ್ ನೆನಪಾಯಿತು.

ಈಗ ನಾನು ಕೊಟೇಶನ್‌ನಲ್ಲಿ ಎರಡು ಸಾಲು ಬರೆಯುತ್ತೇನೆ. ಬೋರ್ಡು ಚದರ ಅಡಿ ಲೆಕ್ಕ, ಗುಂಡಿ ಬೇರೆ ಲೆಕ್ಕ. ದೊಡ್ಡ ಬೋರ್ಡಾದರೆ ಎಂಜಿನಿಯರ್ ಲೆಕ್ಕ ಹಾಕದೆ ಕಂಬ ಕತ್ತರಿಸುವುದಿಲ್ಲ. ಎರೆ ಮಣ್ಣಾದರೆ ಬಿರುಕು ದಾಟಿ ಗಟ್ಟಿ ಮಣ್ಣು ಸಿಗುವವರೆಗೆ ಇಳಿದು, ಬುಡದಲ್ಲಿ ಗುಂಡಿ ಅಗಲ ಮಾಡಿ, ಸರಳು ಕಟ್ಟಿ ಕಾಂಕ್ರೀಟ್. ಮೇಲ್ಭಾಗ ಇಳಿಜಾರಾಗಿ ಸವರುತ್ತೇವೆ, ಇಲ್ಲವಾದರೆ ಕಂಬದ ಬುಡದಲ್ಲಿ ನೀರು ನಿಂತು ತುಕ್ಕು ತಿನ್ನುತ್ತೆ. ಹಳೇ ಬೋರ್ಡ್ ಇರುವವರು ಒಮ್ಮೆ ಆ ಬುಡಕ್ಕೆ ಸುತ್ತಿಗೆಯಲ್ಲಿ ಬಡಿದು ನೋಡಿ. ಪೇಂಟ್ ಚಕ್ಕೆ ಎದ್ದು ಕೆಳಗೆ ಕಂದು ಪುಡಿ ಉದುರಿದರೆ ಮಳೆಗಾಲಕ್ಕೆ ಕಾಯಬೇಡಿ. ಕೊಟೇಶನ್‌ನ ಆ ಗುಂಡಿ ಸಾಲಿನಿಂದ ಎಷ್ಟೋ ಕೆಲಸ ಕೈತಪ್ಪಿದೆ, ಸುಳ್ಳು ಯಾಕೆ ಹೇಳಲಿ.

ಗೌಡ್ರ ಬೋರ್ಡನ್ನು ಹೊಸ ಗುಂಡಿ ತೆಗೆದು ಮತ್ತೆ ನಿಲ್ಲಿಸಿದೆ. ತಗಡು ಬೇಡ ಅಂತ ಹಠ ಹಿಡಿದೆ. ಈಗ ಬಟ್ಟೆ ಬ್ಯಾನರ್. ಮೊನ್ನೆ ಮಳೆಗೆ ಫೋನ್ ಮಾಡಿದರು.

"ಮತ್ತೆ ಹರೀತಲ್ಲೋ ತಮ್ಮಾ."

"ಕಂಬ ಹೆಂಗಿದೆ ಗೌಡ್ರೆ?"

"ನೆಟ್ಟಗದೆ. ಬಟ್ಟೆ ದುಡ್ಡು ಯಾರು ಕೊಡ್ತಾರೆ?"

ಅರ್ಧರ್ಧ ಅಂತ ಮಾತಾಯಿತು.