ಅನಿಮೇಷನ್ ಪಿಜಿಗೆ ಫೀಸ್ ಕಟ್ಟುವ ಮುಂಚೆ

ಡಿಗ್ರಿ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ನನ್ನ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ. 'ಅನಿಮೇಷನ್‌ನಲ್ಲಿ ಪಿಜಿ ಮಾಡಬೇಕು ಅಂತಿದ್ದೇನೆ. ಮುಂಬಯಿ ಒಳ್ಳೇದಾ, ಪುಣೆ ಒಳ್ಳೇದಾ? ಯಾವ ಸಾಫ್ಟ್‌ವೇರ್ ಕಲಿಸುವ ಕಾಲೇಜು ನೋಡಲಿ?' ಡೊಂಬಿವಿಲಿಯಿಂದ ಬರುತ್ತೆ, ಭಾಯಂದರ್‌ನಿಂದ ಬರುತ್ತೆ, ಈಗೀಗ ಹುಬ್ಬಳ್ಳಿ, ಶಿವಮೊಗ್ಗದಿಂದಲೂ ಬರುತ್ತೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಒಟ್ಟಿಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಲಕ್ಷಗಟ್ಟಲೆ ದುಡ್ಡಿನ ವಿಷಯ, ದಯವಿಟ್ಟು ಪೂರ್ತಿ ಓದಿ.

ನಾನು ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಅನಿಮೇಟರ್. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅವರ ಶೋರೀಲ್, ಅಂದರೆ ತಮ್ಮ ಕೆಲಸದ ತುಣುಕುಗಳನ್ನು ಸೇರಿಸಿ ಕಳಿಸುವ ವಿಡಿಯೋ, ನೋಡುವುದೂ ನನ್ನ ಪಾಲಿಗೇ ಬರುತ್ತೆ. ಜೊತೆಗೆ ವಾರಕ್ಕೊಮ್ಮೆ ಒಂದು ಕಾಲೇಜಿಗೆ ಪಾಠ ಮಾಡಲು ಹೋಗುತ್ತೇನೆ. ಎರಡೂ ಕಡೆ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪಿಜಿ ಮಾಡಿ, ಖಂಡಿತ ಮಾಡಿ. ಆದರೆ ಸಾಫ್ಟ್‌ವೇರ್ ಕಲಿಯುವುದಕ್ಕೆ ಮಾಡಬೇಡಿ. ನಿಮ್ಮದೇ ಒಂದು ಸಿನಿಮಾ ಮಾಡುವುದಕ್ಕೆ ಮಾಡಿ. ಅದನ್ನು ಬಲ್ಲವರು ಪಕ್ಕದಲ್ಲಿ ಕೂತು ತಿದ್ದುತ್ತಾರೆ ಅನ್ನುವ ಕಡೆ ಮಾಡಿ. ಆ ಎರಡು ಸಿಗದ ಕಡೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. 3ಡಿ ಅನಿಮೇಷನ್ ಮಾಡುವ ಬ್ಲೆಂಡರ್ ಪೂರ್ತಿ ಉಚಿತ, 2002ರಿಂದ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. 2025ರಲ್ಲಿ ಅನಿಮೇಷನ್ ವಿಭಾಗದ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಸಿನಿಮಾ ಮಾಡಿದ್ದು ಅದರಲ್ಲೇ. ಅದೇ ಥರದ ಇನ್ನೊಂದು ಸಾಫ್ಟ್‌ವೇರ್ ಮಾಯಾ ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗುತ್ತೆ. ಬೇರೆ ಬೇರೆ ದೃಶ್ಯಗಳನ್ನು ಒಂದೇ ಶಾಟಿನಲ್ಲಿ ಜೋಡಿಸುವ ನ್ಯೂಕ್‌ನಲ್ಲಿ ಕಲಿಯುವವರಿಗೆ ಅಂತಲೇ ಉಚಿತ ಆವೃತ್ತಿ ಇದೆ. ಎಡಿಟಿಂಗ್, ಕಲರ್ ಕರೆಕ್ಷನ್‌ಗೆ ಡಾವಿಂಚಿ ರಿಸಾಲ್ವ್ ಇದೆ. ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಕೂತು ಇವನ್ನು ಕಲಿತವರು ನಮ್ಮ ಸ್ಟುಡಿಯೋದಲ್ಲೇ ಇದ್ದಾರೆ, ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಅಂದಮೇಲೆ ಯಾವ ಬಟನ್ ಎಲ್ಲಿದೆ ಅಂತ ಹೇಳಿಕೊಡೋಕೆ ಎರಡು ವರ್ಷ, ಅಷ್ಟು ದುಡ್ಡು ಯಾಕೆ?

ಮನೆಯಲ್ಲಿ ಕೂತು ಸಿಗದೇ ಇರುವುದು ಬೇರೆ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಪಾಠ ಮಾಡುವ ಕ್ಲಾಸಿನ ಒಬ್ಬ ಹುಡುಗ ತನ್ನ ಸಿನಿಮಾಕ್ಕೆ ಒಂದು ಶಾಟ್ ಮಾಡಿಕೊಂಡು ಬಂದಿದ್ದ. ಬಾವಿಕಟ್ಟೆ ಮೇಲಿನ ತುಂಬಿದ ಕೊಡವನ್ನು ಅಜ್ಜಿ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುತ್ತಾಳೆ. ಅಜ್ಜಿ ಮುದ್ದಾಗಿದ್ದಳು, ಸೀರೆಯ ನೆರಿಗೆ ಚೆನ್ನಾಗಿತ್ತು, ಬೆಳಕು ಚೆನ್ನಾಗಿತ್ತು. ಆದರೆ ಕೊಡದಲ್ಲಿ ನೀರೇ ಇಲ್ಲ ಅನ್ನಿಸುತ್ತಿತ್ತು, ಥರ್ಮೋಕೋಲ್ ಕೊಡದ ಹಾಗೆ. ಅವನಿಗೂ ಅದು ಗೊತ್ತಾಗಿತ್ತು, ಕಾರಣ ಮಾತ್ರ ಗೊತ್ತಾಗಲಿಲ್ಲ. ಕಂಪ್ಯೂಟರಿನಲ್ಲಿ ಚಲನೆಯನ್ನು ತಿದ್ದುವ ಕರ್ವ್‌ಗಳನ್ನು ಎಳೆದು ಎಳೆದು ಸಾಕಾಗಿದ್ದ. ನಮ್ಮ ಹಿರಿಯ ಮೇಷ್ಟ್ರೊಬ್ಬರು ಏನೂ ಹೇಳಲಿಲ್ಲ. ಕ್ಯಾಂಟೀನಿನಿಂದ ಒಂದು ಬಕೆಟ್ ತುಂಬ ನೀರು ತರಿಸಿದರು. 'ಎತ್ತಪ್ಪಾ' ಅಂದರು. ಅವನು ಎತ್ತಿದ, ಉಳಿದವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಲೈಟ್ ಆರಿಸಿ, ಅದನ್ನೇ ಪರದೆಗೆ ಹಾಕಿ, ಒಂದೊಂದೇ ಫ್ರೇಮ್ ಮುಂದಕ್ಕೆ ಬಿಡುತ್ತಾ ನೋಡಿದೆವು.

ಕೈ ಬಕೆಟ್ ಮುಟ್ಟುವ ಮುಂಚೆಯೇ ಕಾಲು ಅಗಲವಾಗಿತ್ತು. ಹಿಡಿ ಬಿಗಿಯಾಯಿತು, ಆದರೆ ಬಕೆಟ್ ಅಲುಗಲಿಲ್ಲ. ಮೊದಲು ಭುಜ ಕೆಳಗಿಳಿಯಿತು, ಮೈ ಆಚೆ ಕಡೆಗೆ ವಾಲಿತು, ಖಾಲಿ ಇದ್ದ ಕೈ ತಾನಾಗಿ ಚಾಚಿಕೊಂಡಿತು. ಇಷ್ಟೆಲ್ಲ ಆದ ಮೇಲೆ ಬಕೆಟ್ ನೆಲ ಬಿಟ್ಟಿತು. ಹುಡುಗನ ಶಾಟಿನಲ್ಲಿ ಇದ್ಯಾವುದೂ ಇರಲಿಲ್ಲ. ಅಜ್ಜಿಯ ಕೈ ಮುಟ್ಟಿದ ಮರುಫ್ರೇಮಿನಲ್ಲೇ ಕೊಡ ಮೇಲೆದ್ದಿತ್ತು. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ಕೊಡದ ಭಾರ ಇದ್ದದ್ದು ಏನೂ ಅಲುಗದ ಆ ಕೆಲವೇ ಫ್ರೇಮುಗಳಲ್ಲಿ. ಹುಡುಗ ಯಾರೂ ಹೇಳದೆಯೇ ಶಾಟ್ ಅಳಿಸಿ ಮೊದಲಿನಿಂದ ಶುರು ಮಾಡಿದ.

ನಾನು ಹೇಳುತ್ತಿರುವ ಓದು ಇದು. ನೋಡುವುದನ್ನು ಕಲಿಯುವುದು. ಇದಕ್ಕೆ ಒಬ್ಬ ಮೇಷ್ಟ್ರು ಬೇಕು, ಕತ್ತಲೆ ಕೋಣೆ ಬೇಕು, ನಿಮ್ಮ ಕೆಲಸ ನೋಡಿ 'ಇದು ಸರಿಯಿಲ್ಲ ಕಣೋ' ಅನ್ನುವ ಜೊತೆಗಾರರು ಬೇಕು.

ಮುಂಬಯಿಯಲ್ಲಿ ಈ ವಿದ್ಯೆ ಬೇರುಬಿಟ್ಟದ್ದೂ ಹೀಗೆಯೇ. 1956ರಲ್ಲಿ ಕೇಂದ್ರ ಸರಕಾರದ ಸಿನಿಮಾ ಸಂಸ್ಥೆ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗಕ್ಕೆ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಬಂದರು. ಇಲ್ಲಿನ ಕೆಲವು ಹುಡುಗರನ್ನು ಕೂರಿಸಿಕೊಂಡು ಕಲಿಸಿದರು. ಅವರಲ್ಲಿ ಒಬ್ಬರು ರಾಮ್ ಮೋಹನ್. ಮರುವರ್ಷ ಆ ತಂಡ 'ದಿ ಬ್ಯಾನಿಯನ್ ಡಿಯರ್' ಅನ್ನುವ ಜಾತಕ ಕಥೆಯ ಸಿನಿಮಾ ಮಾಡಿತು. ಕಲಿತದ್ದು ಸಿನಿಮಾ ಮಾಡುತ್ತಲೇ. ರಾಮ್ ಮೋಹನ್ ಮುಂದೆ ಎಷ್ಟೋ ಜನರಿಗೆ ಗುರು ಆದರು, 2019ರಲ್ಲಿ ತೀರಿಕೊಂಡರು. ಇವತ್ತು ಭಾರತದ ಅನಿಮೇಷನ್ನಿನ ಪಿತಾಮಹ ಅಂತ ಕರೆಯುತ್ತಾರಲ್ಲ, ಅವರೇ. ಪೆಡರ್ ರೋಡಿನ ಫಿಲ್ಮ್ಸ್ ಡಿವಿಷನ್ ಆವರಣದಲ್ಲೇ ಈಗ ಭಾರತೀಯ ಸಿನಿಮಾದ ರಾಷ್ಟ್ರೀಯ ಮ್ಯೂಸಿಯಂ ಇದೆ. ಮುಂಬಯಿಯಲ್ಲಿದ್ದೂ ನೋಡಿಲ್ಲದಿದ್ದರೆ ಒಂದು ದಿನ ಹೋಗಿ ಬನ್ನಿ.

ಎಲ್ಲಿ ಓದಬೇಕು ಅನ್ನುವುದಕ್ಕೆ ಬರುತ್ತೇನೆ. ಚಿತ್ರ ಬಿಡಿಸುವ ಕೈ ಇದ್ದು, ಅನಿಮೇಷನ್ನೇ ಬೇಕು ಅನ್ನುವವರು ಪವಾಯಿಯ ಐಐಟಿ ಬಾಂಬೆಯ ಐಡಿಸಿಗೆ ಮೊದಲು ಪ್ರಯತ್ನ ಮಾಡಿ. 1969ರಲ್ಲಿ ಶುರುವಾದ ಡಿಸೈನ್ ಶಾಲೆ, ಅನಿಮೇಷನ್ನಿನಲ್ಲಿ ಎಂ.ಡೆಸ್, ಅಂದರೆ ಡಿಸೈನ್‌ನ ಪಿಜಿ ಡಿಗ್ರಿ ಕೊಡುತ್ತದೆ. ಐಐಟಿ ಅಂದಕೂಡಲೇ ಇಂಜಿನಿಯರಿಂಗ್ ಓದಿರಬೇಕು ಅಂತ ಹೆದರಬೇಡಿ. ಅದಕ್ಕೆ ಇರುವುದು ಸೀಡ್ (CEED) ಅನ್ನುವ ಪ್ರವೇಶ ಪರೀಕ್ಷೆ, ಮೂರು ವರ್ಷದ ಡಿಗ್ರಿ ಆದವರೂ ಬರೆಯಬಹುದು. ಎರಡನೇ ಭಾಗದಲ್ಲಿ ಕೈಯಲ್ಲಿ ಬಿಡಿಸಬೇಕು, ಯೋಚಿಸಿ ಬರೆಯಬೇಕು. ಅಲ್ಲಿ ಯಾರೂ ನಿಮ್ಮನ್ನು ಮಾಯಾದ ಶಾರ್ಟ್‌ಕಟ್ ಕೇಳುವುದಿಲ್ಲ. ದೊಡ್ಡ ಸಂಸ್ಥೆಗಳು ಏನನ್ನು ಹುಡುಕುತ್ತವೆ ಅಂತ ಇದರಲ್ಲೇ ಗೊತ್ತಾಗುತ್ತೆ, ಅಲ್ವಾ?

ನಟರನ್ನು ಇಟ್ಟುಕೊಂಡು ಕ್ಯಾಮೆರಾದಲ್ಲಿ ಸಿನಿಮಾ ಮಾಡುವ ಆಸೆ ಇದ್ದರೆ ಪುಣೆಯ ಎಫ್‌ಟಿಐಐ, ಕೇಂದ್ರ ಸರಕಾರದ ಸಿನಿಮಾ ಶಾಲೆ. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಶುರುವಾಯಿತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ, ಎಲ್ಲ ವಿಭಾಗದವರೂ ಸೇರಿ ಕೊನೆಯಲ್ಲಿ ಡಿಪ್ಲೊಮಾ ಸಿನಿಮಾ ಮಾಡುತ್ತಾರೆ. ಅದು ಇರುವ ಲಾ ಕಾಲೇಜ್ ರೋಡಿನಲ್ಲೇ, ಹಳೆಯ ಸಿನಿಮಾಗಳನ್ನು ಕಾಪಾಡಿಡುವ, 1964ರಲ್ಲಿ ಹುಟ್ಟಿದ ಫಿಲ್ಮ್ ಆರ್ಕೈವ್ ಕೂಡ ಇದೆ. ಕನ್ನಡದವರಿಗೆ ಎಫ್‌ಟಿಐಐ ಹೊಸದೇನಲ್ಲ. 1974-75ರಲ್ಲಿ ಗಿರೀಶ ಕಾರ್ನಾಡರು ಆ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಮಣಿಪಾಲದಲ್ಲಿ ಬಿ.ಫಾರ್ಮ್ ಓದಿದ ಗಿರೀಶ ಕಾಸರವಳ್ಳಿ ಅಲ್ಲಿಗೆ ಹೋಗಿ, 1975ರಲ್ಲಿ ಚಿನ್ನದ ಪದಕ ತೆಗೆದುಕೊಂಡು ಹೊರಬಂದರು. ಅವರ 1977ರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ ಬಂತು. ಔಷಧಿ ಓದಿದ ಹುಡುಗ ಸಿನಿಮಾಕ್ಕೆ ಹೋಗುತ್ತೇನೆ ಅಂದಾಗ ಆ ಕಾಲದಲ್ಲಿ ಮನೆಯವರಿಗೆ ಏನನ್ನಿಸಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

2025ರಲ್ಲಿ ಮುಂಬಯಿಯಲ್ಲಿ ಅನಿಮೇಷನ್, ಗೇಮಿಂಗ್ ಮುಂತಾದ್ದನ್ನು ಕಲಿಸುವ ಕೇಂದ್ರ ಸರಕಾರದ ಐಐಸಿಟಿ ಕೂಡ ಶುರುವಾಗಿದೆ. ಒಳ್ಳೆಯದಾಗಲಿ. ಆದರೆ ಅಲ್ಲಿ ಓದಿದ ಮಕ್ಕಳ ಕೆಲಸ ನೋಡುವ ತನಕ ನಾನು ಅದರ ಬಗ್ಗೆ ಏನೂ ಹೇಳಲಾರೆ.

ಇವೆಲ್ಲ ಸೀಟು ಸಿಗುವುದು ಕಷ್ಟವಿರುವ ಜಾಗಗಳು. ಜಾಸ್ತಿ ಜನ ಹೋಗಿ ಸೇರುವುದು ಖಾಸಗಿ ಕಾಲೇಜುಗಳಿಗೆ. ಅವುಗಳಲ್ಲೂ ಒಳ್ಳೆಯವು ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಕೆಲವು ಕಡೆಯಿಂದ ಬರುವ ಶೋರೀಲ್ ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದೇ ಕಾಲೇಜಿನ ರೀಲುಗಳು ಬಂದರೆ ಒಂದನ್ನು ನೋಡಿದರೆ ಸಾಕು. ಎಲ್ಲದರಲ್ಲೂ ಇಂಟರ್‌ನೆಟ್ಟಿನಿಂದ ಇಳಿಸಿದ ಅದೇ ಬೊಂಬೆ, ಅದೇ ನಡಿಗೆ, ಅದೇ ಪುಟಿಯುವ ಚೆಂಡು, ಕೊನೆಗೆ ಅದೇ ಬೆಂಕಿ ಉಗುಳುವ ಡ್ರ್ಯಾಗನ್. ಕೆಳಗಿನ ಹೆಸರು ಮಾತ್ರ ಬೇರೆ. ಮಕ್ಕಳ ತಪ್ಪಲ್ಲ. ಎರಡು ವರ್ಷ ಅವರ ಕೈಲಿ ಅಭ್ಯಾಸದ ತುಣುಕುಗಳನ್ನು ಮಾಡಿಸಿದ್ದಾರೆ, ಒಂದು ಸಿನಿಮಾ ಮಾಡಿಸಿಲ್ಲ. 'ನಿಂಗೆ ಏನು ಹೇಳಬೇಕಿದೆ ಮಗಾ' ಅಂತ ಒಬ್ಬರೂ ಕೇಳಿಲ್ಲ.

ಭಾಯಂದರ್‌ನಲ್ಲಿ ಸಣ್ಣ ಹೋಟೆಲು ನಡೆಸುವ ನಮ್ಮ ಕಡೆಯವರೊಬ್ಬರು ಫೋನ್ ಮಾಡಿದ್ದರು. 'ಮಗಳು ಅನಿಮೇಷನ್ ಓದ್ತೇನೆ ಅಂತ ಹಠ ಮಾಡ್ತಾಳೆ ಮೇಡಂ. ಬ್ಯಾಂಕಿನಲ್ಲಿ ಸಾಲ ತೆಗೆಯುವುದಾ?' ಅಂದರು. 'ಸಾಲ ಆಮೇಲೆ ನೋಡುವ ಶೆಟ್ರೇ. ಮೊದಲು ಕಾಲೇಜಿಗೆ ಹೋಗಿ. ಹೋದ ವರ್ಷ ಓದು ಮುಗಿಸಿದ ಮಕ್ಕಳು ಮಾಡಿದ ಸಿನಿಮಾ ಹಾಕಿ ತೋರಿಸಿ ಅನ್ನಿ' ಅಂದೆ. ಅವರು ಹೋದರು. ಎಸಿ ಲ್ಯಾಬ್ ತೋರಿಸಿದರಂತೆ, ಸಾಲು ಸಾಲು ಕಂಪ್ಯೂಟರ್ ತೋರಿಸಿದರಂತೆ, ಕೆಲಸ ಸಿಕ್ಕವರ ಫೋಟೋ ತೋರಿಸಿದರಂತೆ. ಸಿನಿಮಾ ಮಾತ್ರ ಒಂದೂ ಇರಲಿಲ್ಲ. ಶೆಟ್ರು ಚೆಕ್ಕನ್ನು ಜೇಬಿನಲ್ಲೇ ಇಟ್ಟುಕೊಂಡು ವಾಪಸ್ ಬಂದರು. ಮಗಳು ಈಗ ಮನೆಯಲ್ಲಿ ಕೂತು ಸೀಡ್‌ಗೆ ತಯಾರಿ ಮಾಡುತ್ತಿದ್ದಾಳೆ. ಭಾನುವಾರ ಮಾಟುಂಗಾಕ್ಕೆ ಹೋಗಿ, ಹೂವಿನ ಅಂಗಡಿ ಮುಂದೆ ನಿಂತು, ಮಾಲೆ ಕಟ್ಟುವವರ ಕೈ ಬಿಡಿಸುತ್ತಾಳೆ. ಅವಳ ಸ್ಕೆಚ್‌ಬುಕ್ ನೋಡಿದ್ದೇನೆ, ಪುಟದಿಂದ ಪುಟಕ್ಕೆ ಕಣ್ಣು ಚುರುಕಾಗುತ್ತಿದೆ.

ಕೆಲಸದ ಚಿಂತೆ ನಿಜ. 2025ರ ಫೆಬ್ರವರಿಯಲ್ಲಿ, ಹಾಲಿವುಡ್ ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಕಂಪನಿಗಳ ಗುಂಪು ಕುಸಿದಾಗ ಬೆಂಗಳೂರು, ಮುಂಬಯಿಯ ನಮ್ಮ ಹುಡುಗರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಈಗ ಎಐ ಬಂದಿದೆ. ರೋಟೋ (ದೃಶ್ಯದಲ್ಲಿರುವವರ ಆಕಾರವನ್ನು ಒಂದೊಂದೇ ಫ್ರೇಮಿನಲ್ಲಿ ಗೆರೆ ಎಳೆದು ಬೇರ್ಪಡಿಸುವುದು), ಶೂಟಿಂಗಿನಲ್ಲಿ ನಟರಿಗೆ ಕಟ್ಟಿದ ವೈರನ್ನು ಚಿತ್ರದಿಂದ ಅಳಿಸುವುದು, ಹಿನ್ನೆಲೆಯ ಚಿತ್ರ ಬಿಡಿಸುವುದು, ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದ ಈ ಕೆಲಸಗಳಿಗೇ ಮೊದಲ ಪೆಟ್ಟು. ಬರೀ ಬಟನ್ ಒತ್ತುವುದು ಕಲಿತವರು ಮೊದಲು ಹೊರಗೆ ಬೀಳುತ್ತಾರೆ. ಹೆದರಿಸೋಕೆ ಹೇಳುತ್ತಿಲ್ಲ, ಕಣ್ಣಾರೆ ನೋಡುತ್ತಿದ್ದೇನೆ. ಕಥೆ ಕಟ್ಟೋಕೆ ಬರುವವರು, ಶಾಟ್ ಯಾಕೆ ಸತ್ತಿದೆ ಅಂತ ಹೇಳಬಲ್ಲವರು ಇವತ್ತಿಗೂ ಬೇಕಾಗಿದ್ದಾರೆ.

ಇನ್ನೊಂದು ಮಾತು, ಇದು ಮನಸ್ಸಿಗೆ ತುಂಬ ಹತ್ತಿರದ್ದು. ಮುಂಬಯಿ, ಪುಣೆಯಲ್ಲಿ ಓದುವ ನಮ್ಮ ಮಕ್ಕಳು ತಮ್ಮ ಸಿನಿಮಾವನ್ನು ಹಿಂದಿಯಲ್ಲಿ ಮಾಡುತ್ತಾರೆ, ಇಲ್ಲಾಂದ್ರೆ ಮಾತೇ ಇಲ್ಲದೆ ಮಾಡುತ್ತಾರೆ. ಕೇಳಿದರೆ 'ಕನ್ನಡ ಯಾರಿಗೆ ಅರ್ಥ ಆಗುತ್ತೆ ಅಕ್ಕಾ' ಅಂತಾರೆ. ಸಬ್‌ಟೈಟಲ್ ಹಾಕಿದರಾಯಿತು, ಅಷ್ಟೇ. ಕನ್ನಡದಲ್ಲಿ ಮಾಡಿದರೆ ಎಷ್ಟು ಹೊಸದು ಕಲಿಯೋಕೆ ಸಿಗುತ್ತೆ ಗೊತ್ತಾ? ಮಾತಿಗೆ ತಕ್ಕ ಹಾಗೆ ಬೊಂಬೆಯ ಬಾಯಿ ಆಡಿಸುವುದಕ್ಕೆ ನಾವೆಲ್ಲ ನೋಡಿ ಕಲಿಯುವ ಚಾರ್ಟು ಇಂಗ್ಲಿಷ್ ಮಾತಿಗೆ ಮಾಡಿದ್ದು. ಕನ್ನಡದಲ್ಲಿ 'ಅಪ್ಪ', 'ಅಮ್ಮ', 'ಹಬ್ಬ' ಅನ್ನುವಾಗ ತುಟಿ ಮುಚ್ಚಿ ಒಂದೆರಡು ಫ್ರೇಮ್ ಜಾಸ್ತಿ ನಿಲ್ಲಬೇಕು. ತಕ್ಷಣ ತೆಗೆದರೆ ಬೊಂಬೆ ಬೇರೆ ಏನೋ ಅಂದ ಹಾಗೆ ಕಾಣುತ್ತೆ. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಮಾತು ನಿಂತ ಮೇಲೂ ಬಾಯಿ ಸ್ವಲ್ಪ ತೆರೆದೇ ಇರುತ್ತದೆ, ಮೆಲ್ಲಗೆ ಮುಚ್ಚುತ್ತದೆ. ನಿಮ್ಮ ಅಜ್ಜಿ ಮಾತಾಡುವಾಗ ಸುಮ್ನೆ ಒಮ್ಮೆ ಗಮನಿಸಿ. ಬಾವಿಕಟ್ಟೆಯ ಶಾಟ್ ಮಾಡಿದ ಹುಡುಗ ತನ್ನ ಅಜ್ಜಿಯ ದನಿಯನ್ನೇ ರೆಕಾರ್ಡ್ ಮಾಡಿಕೊಂಡು ಬಂದು, ಕನ್ನಡದಲ್ಲೇ ಸಿನಿಮಾ ಮುಗಿಸಿದ. ಕ್ಲಾಸಿನ ಮರಾಠಿ, ಪಂಜಾಬಿ ಮಕ್ಕಳೂ ಅದನ್ನು ಕಣ್ಣು ಕದಲಿಸದೆ ನೋಡಿದರು.

ಇಂಥ ಸಿನಿಮಾಗಳು ಪೆನ್‌ಡ್ರೈವಿನಲ್ಲೇ ಉಳಿದುಹೋಗುತ್ತವೆ. ಎರಡು ವರ್ಷಕ್ಕೊಮ್ಮೆ ಮುಂಬಯಿಯಲ್ಲಿ ನಡೆಯುವ ಮಿಫ್ ಅನ್ನುವ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕಿರುಚಿತ್ರ, ಅನಿಮೇಷನ್‌ಗೆ ಜಾಗ ಇದೆ, ಮಕ್ಕಳು ಕಳಿಸಬೇಕು. ಆದರೆ ಎಲ್ಲರಿಗೂ ಅಲ್ಲಿ ಅವಕಾಶ ಸಿಗುವುದಿಲ್ಲ. ಅದಕ್ಕೇ ಇಲ್ಲಿನ ಕನ್ನಡ ಸಂಘಗಳಿಗೆ ಒಂದು ಕೋರಿಕೆ. ವಾರ್ಷಿಕೋತ್ಸವದಲ್ಲಿ ಯಕ್ಷಗಾನ ಇರುತ್ತೆ, ನಾಟಕ ಇರುತ್ತೆ, ಸನ್ಮಾನ ಇರುತ್ತೆ. ಅದರ ನಡುವೆ ಹದಿನೈದು ನಿಮಿಷ ಈ ಮಕ್ಕಳಿಗೆ ಕೊಡಿ. ಅವರ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಮಗ, ಮಗಳು ಏನು ಓದಿದರು ಅಂತ ಪರದೆ ಮೇಲೆ ನೋಡಿಯೇ ಇಲ್ಲ. ಸಿನಿಮಾಗಳನ್ನು ಸೇರಿಸಿ, ಸಬ್‌ಟೈಟಲ್ ಸರಿಮಾಡಿ ಕೊಡುವ ಜವಾಬ್ದಾರಿ ನನ್ನದು. ಪ್ರೊಜೆಕ್ಟರ್ ಇಲ್ಲದಿದ್ದರೆ ಅದನ್ನೂ ತರುತ್ತೇನೆ. ಯಾವ ಸಂಘದವರಾದರೂ ಸರಿ, ಇನ್‌ಬಾಕ್ಸಿಗೆ ಒಂದು ಸಾಲು ಬರೆಯಿರಿ.